ಮೇಲಿನ ರೂಮಿಗೆ ಬೇಕಿರುವುದು ವೈರು, ದೊಡ್ಡ ಪ್ಲಾನ್ ಅಲ್ಲ

ಮನೆಯ ವೈಫೈ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ. ಊರು ಬೇರೆ, ಮನೆ ಬೇರೆ, ಅಷ್ಟೇ. ಅದಕ್ಕೇ ಈ ಸಲ ಮೈಸೂರಿನಿಂದ ಬಂದ ಒಂದಕ್ಕೆ ಪೂರ್ತಿ ಉತ್ತರ ಬರೆಯುತ್ತಿದ್ದೇನೆ, ಉಳಿದವಕ್ಕೆ ಚುಟುಕಾಗಿ. ರೌಟರ್ ಆನ್ ಮಾಡುವುದು ಹೇಗೆ, ಪಾಸ್‌ವರ್ಡ್ ಬದಲಿಸುವುದು ಹೇಗೆ ಎಂದೆಲ್ಲ ಇಲ್ಲಿ ಹೇಳುವುದಿಲ್ಲ.

ನಮ್ಮದು 30x40 ಸೈಟಿನ ಡ್ಯೂಪ್ಲೆಕ್ಸ್ ಮನೆ. ರೌಟರ್ ಕೆಳಗೆ ಹಾಲ್‌ನಲ್ಲಿ, ಟಿವಿ ಶೋಕೇಸ್ ಒಳಗಿದೆ. ಮಹಡಿಯ ಹಿಂದಿನ ರೂಮಿನಲ್ಲಿ ಮಗಳ ಆಫೀಸ್ ಮೀಟಿಂಗ್ ಪದೇ ಪದೇ ನಿಂತುಹೋಗುತ್ತದೆ. ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ತಂದು ಆ ರೂಮಿನಲ್ಲೇ ಹಾಕಿದೆವು. ಸಿಗ್ನಲ್ ಕಡ್ಡಿ ಫುಲ್ ಇದ್ದರೂ ಅದೇ ಗೋಳು. 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ಕ್ಕೆ ಹೋಗಿ ಅಂತ ಕಾಲ್ ಸೆಂಟರಿನವರು ಹೇಳುತ್ತಾರೆ. ಹೋಗೋದಾ? (ಮೈಸೂರು)

ಹೋಗಬೇಡಿ. ವಿಡಿಯೊ ಮೀಟಿಂಗ್‌ಗೆ ನಾಲ್ಕೈದು ಎಂಬಿಪಿಎಸ್ ಸಾಕು. ನಿಮ್ಮ ಬಾಗಿಲಿಗೆ ಈಗಾಗಲೇ ನೂರು ಬರುತ್ತಿದೆ. ಸಂಪಿನಲ್ಲಿ ನೀರು ತುಂಬಿ ತುಳುಕಿದರೇನು, ಮಹಡಿಗೆ ಪೈಪೇ ಇಲ್ಲದಿದ್ದರೆ? ಅನುಮಾನವಿದ್ದರೆ ಲ್ಯಾಪ್‌ಟಾಪನ್ನು ವೈರಿನಲ್ಲಿ ರೌಟರ್‌ಗೆ ಸಿಕ್ಕಿಸಿ ಸ್ಪೀಡು ನೋಡಿ. ಅಲ್ಲಿ ನೂರರ ಹತ್ತಿರ ಬಂದರೆ ಕಂಪನಿಯದ್ದೇನೂ ತಪ್ಪಿಲ್ಲ. ತೊಂದರೆ ಇರುವುದು ನಿಮ್ಮ ಮನೆಯ ಸ್ಲ್ಯಾಬಿನಲ್ಲಿ.

ಕಬ್ಬಿಣದ ಸರಳು ಹೆಣೆದು ಕಾಂಕ್ರೀಟ್ ಹಾಕಿದ ಸ್ಲ್ಯಾಬು ವೈಫೈ ಅಲೆಯನ್ನು ಬಹಳ ಮಟ್ಟಿಗೆ ನುಂಗಿಬಿಡುತ್ತದೆ. ಮನೆಯ ರೌಟರ್‌ಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆ ಬಿಡುತ್ತವೆ, ಅದರಲ್ಲಿ 5ಕ್ಕೆ 2.4ಕ್ಕಿಂತ ಜಾಸ್ತಿ ಪೆಟ್ಟು. ನಿಮ್ಮಲ್ಲಿ ಇನ್ನೊಂದು ಕಷ್ಟವಿದೆ. ರೌಟರ್ ಕೆಳಗೆ ಮುಂದುಗಡೆ, ರೂಮು ಮೇಲೆ ಹಿಂದುಗಡೆ. ಅಂದರೆ ಅಲೆ ಸ್ಲ್ಯಾಬನ್ನು ನೇರವಾಗಿ ಅಲ್ಲ, ಓರೆಯಾಗಿ ದಾಟಬೇಕು. ಐದು ಇಂಚಿನ ಸ್ಲ್ಯಾಬಿನಲ್ಲಿ ಓರೆಯಾಗಿ ಹೋದರೆ ಹತ್ತು ಇಂಚಿನ ದಾರಿಯೂ ಆಗಬಹುದು. ನಡುವೆ ಟೈಲ್ಸ್ ಹಾಕಿದ ಬಾತ್‌ರೂಮು, ಸ್ಟೀಲ್ ಬೀರು, ಅದರ ಕನ್ನಡಿ ಬೇರೆ. ಇಷ್ಟರ ಮೇಲೆ ರೌಟರನ್ನು ಟಿವಿ ಶೋಕೇಸಿನಲ್ಲಿ ಮುಚ್ಚಿಟ್ಟಿದ್ದೀರಿ.

ಇನ್ನು ಆ ಕಡ್ಡಿಗಳು. ಅವು ತೋರಿಸುವುದು ರಿಪೀಟರ್ ಮತ್ತು ಫೋನಿನ ನಡುವಿನ ಸಿಗ್ನಲ್ ಮಾತ್ರ. ರಿಪೀಟರ್‌ಗೆ ಕೆಳಗಿನ ರೌಟರ್ ಎಷ್ಟು ಸಿಗುತ್ತಿದೆ ಎಂದು ಅವು ಹೇಳುವುದಿಲ್ಲ. ಸಿಗ್ನಲ್ ಸತ್ತುಹೋದ ಜಾಗದಲ್ಲಿ ರಿಪೀಟರ್ ಇಟ್ಟರೆ ಅದು ಏನನ್ನು ಮುಂದಕ್ಕೆ ಕಳಿಸಬೇಕು? ಅರ್ಧ ದಾರಿಯಲ್ಲಿ, ಮೆಟ್ಟಿಲ ಹತ್ತಿರ ಇಟ್ಟರೆ ಸ್ವಲ್ಪ ವಾಸಿ, ಯಾಕೆಂದರೆ ಮೆಟ್ಟಿಲ ಜಾಗದಲ್ಲಿ ಸ್ಲ್ಯಾಬು ತೆರೆದಿರುತ್ತದೆ. ಆದರೂ ಅಗ್ಗದ ರಿಪೀಟರ್ ಒಂದೇ ಚಾನೆಲಿನಲ್ಲಿ ಕೇಳಿಸಿಕೊಂಡು ಅದೇ ಚಾನೆಲಿನಲ್ಲಿ ತಿರುಗಿ ಹೇಳಬೇಕು. ಸ್ಪೀಡು ಅರ್ಧಕ್ಕೆ ಇಳಿಯುವುದು ಅಲ್ಲೇ. ಅಂಗಡಿಯವರು ಇದನ್ನು ಹೇಳದೆ ಮಾರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಮೊದಲ ಕೆಲಸ, ರೌಟರ್ ಜಾಗ ಬದಲಿಸುವುದು. ಫೈಬರ್ ಹಾಕಲು ಬಂದವರು ಕೇಬಲ್ ಎಲ್ಲಿ ಒಳಗೆ ಬರುತ್ತದೋ ಅಲ್ಲೇ ಡಬ್ಬ ಕೂರಿಸಿ ಹೊರಟುಬಿಡುತ್ತಾರೆ. ಅದು ಅವರಿಗೆ ಅನುಕೂಲ, ನಿಮಗಲ್ಲ. ಇನ್ನಷ್ಟು ಕೇಬಲ್ ಎಳೆಸಿ, ಮೆಟ್ಟಿಲ ಪಕ್ಕ ಎತ್ತರದಲ್ಲಿ ಕೂರಿಸಲು ಹೇಳಿ. ಅದಕ್ಕೆ ದುಡ್ಡು ಕೇಳಿದರೆ ಕೊಡಿ. ನೀವೇ ಎಳೆಯಲು ಹೋಗಬೇಡಿ, ಫೈಬರ್ ಮೂಲೆಯಲ್ಲಿ ಚೂಪಾಗಿ ಬಾಗಿದರೆ ಕೆಟ್ಟಿತು.

ಇಷ್ಟಕ್ಕೇ ಎಷ್ಟೋ ಮನೆ ಸರಿಹೋಗುತ್ತದೆ. ನಿಮ್ಮದು ಹೋಗಲಿಕ್ಕಿಲ್ಲ. ಹಾಗಾಗಿ ಎರಡನೆಯ ಕೆಲಸ, ಕೆಳಗಿನ ರೌಟರ್‌ನಿಂದ ಮಹಡಿಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ವೈರು ಎಳೆದು, ಅದರ ತುದಿಗೆ ಇನ್ನೊಂದು ರೌಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ವೈರಿನಲ್ಲಿ ಬಂದ ಇಂಟರ್ನೆಟ್ಟನ್ನು ಅಲ್ಲೇ ವೈಫೈ ಆಗಿ ಬಿಡುವ ಡಬ್ಬವಾಗಿ, ಹಾಕುವುದು. ಇದನ್ನು ಹೇಳಿದ ಕೂಡಲೇ ಎಲ್ಲರೂ ‘ಗೋಡೆ ಒಡೆಯಬೇಕಾ?’ ಅಂತಾರೆ. ಒಡೆಯಬೇಕಿಲ್ಲ. ತಾರಸಿಯ ಟಿವಿ ಡಿಶ್‌ನಿಂದ ರೂಮಿಗೋ ಹಾಲ್‌ಗೋ ಕೇಬಲ್ ಇಳಿಸಿದ ಪೈಪು ಬಹಳಷ್ಟು ಮನೆಗಳಲ್ಲಿ ಇರುತ್ತದೆ. ಡಿಶ್ ಈಗ ಬಳಸದಿದ್ದರೆ, ಆ ಹಳೇ ಕೇಬಲ್ ತುದಿಗೆ ಹೊಸ ವೈರನ್ನು ಗಟ್ಟಿಯಾಗಿ ಟೇಪ್ ಸುತ್ತಿ ಕಟ್ಟಿ, ಆಚೆ ತುದಿಯಿಂದ ನಿಧಾನವಾಗಿ ಎಳೆಯಿರಿ. ಪೈಪು ಇಲ್ಲವೆಂದರೆ ಹೊರಗೋಡೆ ಮೇಲೆ, ಸಜ್ಜಾ ಕೆಳಗಿಂದ ಕಿಟಕಿ ಮೂಲೆಗೆ ತನ್ನಿ. ಬಿಸಿಲು ತಡೆಯುವ ಕಪ್ಪು ಹೊದಿಕೆಯ ವೈರೇ ಬೇಕು. ಒಳಗೆ ನುಗ್ಗುವ ಮುಂಚೆ ಕೆಳಕ್ಕೊಂದು ಸಣ್ಣ ಬಾಗು ಬಿಡಿ, ಇಲ್ಲದಿದ್ದರೆ ಮಳೆನೀರು ವೈರು ಹಿಡಿದು ರೂಮಿಗೇ ಬರುತ್ತದೆ.

ಕರೆಂಟ್ ವೈರಿನ ಪೈಪಿನಲ್ಲೇ ಹಾಕಿಬಿಡೋಣ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾನೆ. ಬೇಡ ಅನ್ನಿ. 230 ವೋಲ್ಟಿನ ವೈರು ಒಳಗೆ ಎಲ್ಲೋ ಸವೆದರೆ ಮುಟ್ಟಿದವರಿಗೆ ಅಪಾಯ. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ವೈರು ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಹಾಗೇ ವಾಪಸ್ ಕೊಡಿ. ಮಹಡಿಯ ರೌಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆಯ್ದುಕೊಳ್ಳಿ, ಮುಗಿಯಿತು. ಹಳೇ ರೌಟರ್ ಆದರೆ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ರೌಟರಿನ ಐಪಿ ವಿಳಾಸ ಕೆಳಗಿನದಕ್ಕಿಂತ ಬೇರೆ ಕೊಡಿ, ವೈರನ್ನು ಲ್ಯಾನ್ (LAN) ಎಂದಿರುವ ಪೋರ್ಟಿಗೇ ಸಿಕ್ಕಿಸಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ. ಚಾನೆಲ್ ಮಾತ್ರ ಬೇರೆ ಬೇರೆ: 2.4ರಲ್ಲಿ ಕೆಳಗೆ 1 ಇದ್ದರೆ ಮೇಲೆ 6 ಅಥವಾ 11. ಮಹಡಿಗೆ ಹೋದ ಮೇಲೂ ಫೋನು ಕೆಳಗಿನ ರೌಟರನ್ನೇ ಹಿಡಿದುಕೊಂಡಿದ್ದರೆ ಕೆಳಗಿನದರ ಟ್ರಾನ್ಸ್‌ಮಿಟ್ ಪವರನ್ನು ಮೀಡಿಯಂಗೆ ಇಳಿಸಿ. ಇಳಿಸಿದರೆ ಒಳ್ಳೆಯದಾಗುತ್ತದೆ ಅಂದರೆ ಜನ ನಂಬುವುದೇ ಇಲ್ಲ. ಮಾಡಿ ನೋಡಿ.

ಒಂದು ಕಿವಿಮಾತು. ಮುಂದೆ ಎಂದಾದರೂ ದೊಡ್ಡ ಪ್ಲಾನಿಗೆ ಹೋದಾಗ ಮಹಡಿಯಲ್ಲಿ ಸ್ಪೀಡು 95ರ ಆಸುಪಾಸಿನಲ್ಲೇ ಅಂಟಿಕೊಂಡರೆ ಮೊದಲು ವೈರಿನ ತುದಿಯ ಕ್ರಿಂಪಿಂಗ್ (ಎಳೆಗಳನ್ನು ಪ್ಲಗ್ಗಿಗೆ ಒತ್ತಿ ಕೂರಿಸಿರುವುದು) ನೋಡಿಸಿ. ಗಿಗಾಬಿಟ್‌ಗೆ, ಅಂದರೆ ಸಾವಿರ ಎಂಬಿಪಿಎಸ್ ಸ್ಪೀಡಿಗೆ, ಎಂಟೂ ಎಳೆ ಸರಿಯಾಗಿ ಕೂರಬೇಕು. ಒಂದು ಜೋಡಿ ಕೈಕೊಟ್ಟರೂ ಲಿಂಕು 100ಕ್ಕೆ ಇಳಿಯಬಹುದು. ಎರಡೂ ರೌಟರ್‌ಗಳ ಪೋರ್ಟು ಗಿಗಾಬಿಟ್ ಆಗಿರಬೇಕು ಅನ್ನುವುದನ್ನೂ ಮರೆಯಬೇಡಿ.

ಮೆಶ್ ಸೆಟ್ (ಒಟ್ಟಾಗಿ ಒಂದೇ ವೈಫೈ ಕೊಡುವ ಡಬ್ಬಗಳು) ತಂದರೆ ವೈರಿನ ತಲೆನೋವೇ ಇಲ್ಲವಂತೆ, ಹೌದಾ? (ಹುಬ್ಬಳ್ಳಿ)

ಎರಡು ಮೆಶ್ ಡಬ್ಬಗಳೂ ಮಾತಾಡಬೇಕಾದ್ದು ಅದೇ ಸ್ಲ್ಯಾಬಿನ ಮೂಲಕ ಅಲ್ವಾ? ಒಂದೇ ಅಂತಸ್ತಿನ, ತೆಳು ಗೋಡೆಯ ಮನೆಗೆ ಪರವಾಗಿಲ್ಲ. ಮಹಡಿ ಮನೆಗೆ ತರುವುದಾದರೆ ಹಿಂದುಗಡೆ ವೈರು ಸಿಕ್ಕಿಸುವ ಪೋರ್ಟು ಇರುವುದನ್ನೇ ತನ್ನಿ, ವೈರು ಸಿಕ್ಕಿಸಿ.

ರೌಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ, ಚಿಪ್ ಸ್ಟಿಕ್ಕರ್ ಅಂಟಿಸಿದರೆ ಸಿಗ್ನಲ್ ಹೆಚ್ಚುತ್ತದಾ? (ದಾವಣಗೆರೆ)

ಫಾಯಿಲ್ ಇದ್ದ ಸಿಗ್ನಲನ್ನೇ ಒಂದು ಕಡೆಗೆ ತಿರುಗಿಸುತ್ತದೆ, ಇನ್ನೊಂದು ಕಡೆ ಕೊಲ್ಲುತ್ತದೆ. ಸ್ಟಿಕ್ಕರ್ ಶುದ್ಧ ಮೋಸ.

ಎಂಟು ಆಂಟೆನಾ ಇರುವ ರೌಟರ್ ತರಲಾ? (ತುಮಕೂರು)

ಬೇಡ. ಆಂಟೆನಾ ಎಷ್ಟಿದ್ದರೂ ಹೊರಗೆ ಬಿಡುವ ಪವರಿಗೆ ಕಾನೂನಿನ ಮಿತಿ ಇದೆ. ನಿಮ್ಮ ಫೋನು ಆ ದೂರದಿಂದ ತಿರುಗಿ ಉತ್ತರ ಕಳಿಸಬೇಕು, ಅದರ ಶಕ್ತಿ ರೌಟರ್‌ಗಿಂತ ಕಡಿಮೆ.

ಮನೆ ಕಟ್ಟಿಸುತ್ತಿದ್ದೇವೆ, ಮುಂದಿನ ವಾರ ಮೋಲ್ಡ್. ಈಗಲೇ ಏನಾದರೂ ಮಾಡಬಹುದಾ? (ಹಾಸನ)

ಇಂಥ ಪ್ರಶ್ನೆ ಕಾಂಕ್ರೀಟ್ ಬೀಳುವ ಮುಂಚೆ ಕೇಳಿದ್ದಕ್ಕೆ ಖುಷಿಯಾಯಿತು. ಮೆಟ್ಟಿಲ ಪಕ್ಕದಿಂದ ಪ್ರತಿ ಅಂತಸ್ತಿನ ನಡುಭಾಗದ ಚಾವಣಿಗೆ ಒಂದು ಇಂಚಿನ ಖಾಲಿ ಪೈಪು ಹಾಕಿಸಿ, ಕರೆಂಟಿನದಕ್ಕೆ ಸೇರಿಸದೆ. ಒಳಗೆ ಎಳೆಯಲು ಒಂದು ತಂತಿ ಬಿಡಿಸಿ. ಮೇಸ್ತ್ರಿ ಏನೇ ಹೇಳಲಿ, ಮೋಲ್ಡ್ ದಿನ ನೀವೇ ನಿಂತು ನೋಡಿ.

ಮನೆಯಿಂದ ಅಡಿಕೆ ಶೆಡ್ಡಿಗೆ 60 ಮೀಟರ್ ಕ್ಯಾಟ್ 6 ಎಳೆದಿದ್ದೇವೆ. ಎರಡು ಮಳೆಗಾಲದಲ್ಲೂ ಸಿಡಿಲಿಗೆ ಎರಡೂ ತುದಿಯ ಸಾಮಾನು ಸುಟ್ಟಿತು. (ಸಾಗರ)

ಸುಡದೆ ಇನ್ನೇನು? ಮಲೆನಾಡಿನ ಸಿಡಿಲಿಗೆ ಬಯಲಲ್ಲಿ ತಾಮ್ರ ಎಳೆಯಲೇಬಾರದು. ಸಿಡಿಲು ತಂತಿಯ ಮೇಲೇ ಬೀಳಬೇಕಿಲ್ಲ, ಹತ್ತಿರ ಬಿದ್ದರೂ ವೈರಿನಲ್ಲಿ ಸರ್ಜ್, ಅಂದರೆ ದಿಢೀರ್ ಏರಿದ ಕರೆಂಟು, ಹರಿಯುತ್ತದೆ. ತಾಮ್ರ ಕಿತ್ತು ಫೈಬರ್ ಹಾಕಿಸಿ, ಎರಡು ತುದಿಗೂ ಫೈಬರಿನ ಬೆಳಕನ್ನು ವೈರಿನ ಸಿಗ್ನಲ್ ಆಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಸಾಕು. ಫೈಬರ್ ಕೇಬಲ್ಲಿಗೆ ಆಸರೆಯ ಸ್ಟೀಲ್ ತಂತಿ ಅಂಟಿಕೊಂಡಿದ್ದರೆ ಎರಡೂ ಕಡೆ ಹೊರಗೇ ಅದನ್ನು ಬೇರ್ಪಡಿಸಿ ಕತ್ತರಿಸಲು ಹೇಳಿ, ಒಳಗೆ ತರಬೇಡಿ. ಕರೆಂಟ್ ಲೈನಿನಿಂದ ಬರುವ ಸರ್ಜನ್ನು ಫೈಬರ್ ತಡೆಯುವುದಿಲ್ಲ. ಹಾಗಾಗಿ ಗುಡುಗು ಕೇಳಲು ಶುರುವಾಗುತ್ತಿದ್ದಂತೆ ಪ್ಲಗ್ಗನ್ನೂ ಕಿತ್ತಿಡಿ, ಸಿಡಿಲು ತಲೆ ಮೇಲೆ ಬಂದ ನಂತರ ಮುಟ್ಟಲು ಹೋಗಬೇಡಿ.