ಎಫ್‌ಸಿ ತಪಾಸಣೆಯಲ್ಲಿ ಫೇಲಾದ ಗಾಡಿಯನ್ನು ರಸ್ತೆಗೆ ಇಳಿಸಬಹುದೇ?

ಪ್ರಶ್ನೆ: ನನ್ನದು 9 ವರ್ಷ ಹಳೆಯ ಪಿಕಪ್ ಗೂಡ್ಸ್ ಗಾಡಿ. ತೆಂಗಿನಕಾಯಿ, ಈರುಳ್ಳಿ ಮೂಟೆ ಸಾಗಿಸಿ ಸಂಸಾರ ನಡೆಸುತ್ತಿದ್ದೇನೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿಯಲು 11 ದಿನ ಇರುವಾಗಲೇ ತಪಾಸಣೆಗೆ ಒಯ್ದೆ. ಹಿಂದಿನ ಬಲ ಚಕ್ರದ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಮುಂದಿನ ಎಡ ಟಯರ್ ಸವೆದಿದೆ, ಹಿಂಬದಿಯ ರೇಡಿಯಂ ಸ್ಟಿಕ್ಕರ್ ಕಿತ್ತುಹೋಗಿದೆ ಎಂದು ಬರೆದುಕೊಟ್ಟು ವಾಪಸು ಕಳಿಸಿದರು. ಹಳೆಯ ಎಫ್‌ಸಿ ಇನ್ನೂ ಚಾಲ್ತಿಯಲ್ಲಿರುವುದರಿಂದ ಈ 11 ದಿನ ಬಾಡಿಗೆಗೆ ಹೋಗಬಹುದೇ? ಪರಿಚಯದ ಮೆಕ್ಯಾನಿಕ್ ಒಬ್ಬರು ಬೇರೆ ಗಾಡಿಯ ಟಯರನ್ನು ಒಂದು ದಿನದ ಮಟ್ಟಿಗೆ ಹಾಕಿ ಪಾಸು ಮಾಡಿಸಿಕೊಳ್ಳಿ ಎನ್ನುತ್ತಾರೆ. ಹಾಗೆ ಮಾಡಿದರೆ ತಪ್ಪೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಅವಧಿ ಮುಗಿಯುವ ಮೊದಲೇ ತಪಾಸಣೆಗೆ ಒಯ್ದಿರಲ್ಲ, ಅದು ಒಳ್ಳೆಯದಾಯಿತು. ಕೊನೆಯ ದಿನದವರೆಗೆ ಕಾದವರಿಗೆ ನಿಮಗಿರುವ ಈ 11 ದಿನಗಳ ಕಾಲಾವಕಾಶ ಸಿಗುವುದಿಲ್ಲ. ಆದರೆ ಆ ದಿನಗಳನ್ನು ಬಾಡಿಗೆಗೆ ಬಳಸುವುದೋ ರಿಪೇರಿಗೆ ಬಳಸುವುದೋ ಎಂಬುದನ್ನು ತೀರ್ಮಾನಿಸುವ ಮೊದಲು, ನಿಮ್ಮ ಪ್ರಶ್ನೆಯಲ್ಲಿ ಬೆರೆತುಹೋಗಿರುವ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಒಂದು ಕಾಗದದ ಅವಧಿ, ಇನ್ನೊಂದು ಗಾಡಿಯ ಸ್ಥಿತಿ.

ಮೊದಲು ಕಾಗದದ ಮಾತು. ಮೋಟಾರು ವಾಹನ ಕಾಯ್ದೆ, 1988ರ 56ನೇ ಕಲಮಿನ ಪ್ರಕಾರ, ಚಾಲ್ತಿಯಲ್ಲಿರುವ ಎಫ್‌ಸಿ ಇಲ್ಲದ ಸಾರಿಗೆ ವಾಹನದ ನೋಂದಣಿಯೇ ಸಿಂಧುವಲ್ಲ. ಎಫ್‌ಸಿ ಮುಗಿದ ಗಾಡಿಯನ್ನು ಓಡಿಸಿದವರ ಮೇಲೆ ನೋಂದಣಿ ಇಲ್ಲದ ಗಾಡಿ ಓಡಿಸಿದ ಅಪರಾಧ ಬರುವುದು ಇದೇ ಕಾರಣಕ್ಕೆ. 192ನೇ ಕಲಮು ಇದಕ್ಕೆ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ ಹೇಳುತ್ತದೆ. ಮತ್ತೆ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸವೂ ಆಗಬಹುದು. ಗಾಡಿ ಖಾಲಿಯಿತ್ತು, ಮನೆಗೆ ಹೋಗುತ್ತಿತ್ತು ಎಂಬುದು ಇಲ್ಲಿ ಸಮಜಾಯಿಷಿಯಾಗುವುದಿಲ್ಲ. ನಿಮ್ಮ ಎಫ್‌ಸಿಯ ಅವಧಿ ಇನ್ನೂ ಮುಗಿದಿಲ್ಲ. ಅವಧಿಗೆ ಮುಂಚೆ ಅದನ್ನು ರದ್ದು ಮಾಡುವ ಅಧಿಕಾರ ಇಲಾಖೆಗೆ ಇದೆ. ಆದರೆ ಕಾರಣಗಳನ್ನು ಲಿಖಿತವಾಗಿ ದಾಖಲಿಸಿಯೇ ರದ್ದು ಮಾಡಬೇಕು, ಹಾಗೆ ರದ್ದಾದರೆ ಹೊಸ ಎಫ್‌ಸಿ ಸಿಗುವವರೆಗೆ ನೋಂದಣಿ ಮತ್ತು ಪರ್ಮಿಟ್ ಎರಡೂ ಅಮಾನತಿನಲ್ಲಿರುತ್ತವೆ. ಅಂಥ ಆದೇಶ ನಿಮ್ಮ ಕೈಗೆ ಬಂದಿಲ್ಲವಾದರೆ, ಕಾಗದದ ಮಟ್ಟಿಗೆ ಹಳೆಯ ಎಫ್‌ಸಿಗೆ ಜೀವ ಇದೆ.

ಹಾಗಾದರೆ ಬಾಡಿಗೆಗೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಹೋಗಬೇಡಿ. ಅಪಾಯಕರ ದೋಷವಿರುವ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು, ಓಡಿಸಲು ಬಿಡುವುದು 190ನೇ ಕಲಮಿನ ಪ್ರಕಾರ ಪ್ರತ್ಯೇಕ ಅಪರಾಧ. ಎಫ್‌ಸಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆ ದೋಷ ಓಡಿಸುವವನಿಗೆ ಗೊತ್ತಿತ್ತೇ, ಅಥವಾ ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗುತ್ತಿತ್ತೇ ಎಂಬುದನ್ನು ಆ ಕಲಮು ಕೇಳುತ್ತದೆ. ನಿನ್ನೆಯವರೆಗೆ ಬ್ರೇಕ್ ಹಿಡಿಯದಿರುವುದು ಗೊತ್ತಿರಲಿಲ್ಲ ಎಂದು ನೀವು ಹೇಳಬಹುದಿತ್ತೇನೋ. ಇಂದು ಬ್ರೇಕ್ ಇನ್‌ಸ್ಪೆಕ್ಟರ್ ಬರೆದುಕೊಟ್ಟ ಚೀಟಿ ನಿಮ್ಮ ಜೇಬಿನಲ್ಲಿದೆ. ನಾಳೆ ಅಪಘಾತವಾದರೆ ನಿಮ್ಮ ವಿರುದ್ಧ ಮೊದಲ ಸಾಕ್ಷಿಯಾಗಿ ನಿಲ್ಲುವುದು ಆ ಚೀಟಿಯೇ. ದಂಡ 1,500 ರೂಪಾಯಿ. ಆ ದೋಷದಿಂದಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿಗೆ ಹಾನಿಯಾದರೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿ ದಂಡ.

ದಂಡಕ್ಕಿಂತ ದೊಡ್ಡ ಹೊಡೆತ ಬೀಳುವುದು ವಿಮೆಯ ಕಡೆಯಿಂದ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಗಾಡಿಯೊಂದು ಅಪಘಾತಕ್ಕೀಡಾದ ಪ್ರಕರಣದಲ್ಲಿ, ಮಾಲೀಕರಿಗೆ ಗಾಡಿಯ ಹಾನಿಯ ಪರಿಹಾರ ಸಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಪರ್ಮಿಟ್ ಇಲ್ಲದ ಲಾರಿಯ ಪ್ರಕರಣದಲ್ಲಿ, ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು ನಂತರ ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ನಿಲುವನ್ನು 2018ರಲ್ಲಿ ಎತ್ತಿಹಿಡಿಯಿತು. ಎಫ್‌ಸಿ ಇಲ್ಲದಿದ್ದರೆ ನೋಂದಣಿಯೇ ಸಿಂಧುವಲ್ಲ ಎನ್ನುವ ಕಾಯ್ದೆ ಇರುವಾಗ, ಅವಧಿ ಮುಗಿದ ಮೇಲೂ ಗಾಡಿ ಓಡಿಸಿದರೆ ವಿಮಾ ಕಂಪನಿಯ ವಕೀಲರು ಇದೇ ವಾದವನ್ನು ನಿಮ್ಮ ಮುಂದೆಯೂ ಇಡುತ್ತಾರೆ. ಒಂದು ಜೀವದ ಪರಿಹಾರದ ಮೊತ್ತ ಮಾಲೀಕನ ತಲೆಯ ಮೇಲೆ ಬಂದರೆ ಗಾಡಿ ಮಾತ್ರವಲ್ಲ, ತೋಟವೂ ಉಳಿಯುವುದಿಲ್ಲ.

ಬಾಡಿಗೆ ಟಯರಿನ ವಿಷಯ. ಈ ಪದ್ಧತಿ ಊರೂರಿನಲ್ಲೂ ಇದೆ. ಬೆಳಿಗ್ಗೆ ಹಾಕಿ ಸಂಜೆ ಬಿಚ್ಚಿಕೊಡುವವರಿದ್ದಾರೆ. ದಯವಿಟ್ಟು ನೀವು ಅದಕ್ಕೆ ಕೈ ಹಾಕಬೇಡಿ. ನಿಮ್ಮ ಸವೆದ ಟಯರಿನ ಮುಂದೆ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಟಯರಿನ ಅಂಚಿನಲ್ಲಿ ಒಂದು ಸಣ್ಣ ತ್ರಿಕೋನದ ಗುರುತು ಇಲ್ಲವೇ ಟಿಡಬ್ಲ್ಯುಐ ಎಂಬ ಅಕ್ಷರಗಳು ಇರುತ್ತವೆ. ಅದರ ನೇರಕ್ಕೆ ಗೀರುಗಳ ತಳದಲ್ಲಿ ಬೆರಳಾಡಿಸಿದರೆ ರಬ್ಬರಿನ ಪುಟ್ಟ ದಿಬ್ಬ ತಗಲುತ್ತದೆ. ಮೇಲ್ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಟಯರಿನ ಆಯುಷ್ಯ ಮುಗಿಯಿತು ಎಂದೇ ಅರ್ಥ. ನಿಮ್ಮಂಥ ನಾಲ್ಕು ಚಕ್ರದ ಗಾಡಿಗೆ ಗೀರಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂಬುದು ನಿಯಮ. ಮಳೆಯಲ್ಲಿ ಚಕ್ರದ ಕೆಳಗಿನ ನೀರು ಹೊರಗೆ ಹರಿದುಹೋಗುವುದು ಆ ಗೀರುಗಳಿಂದಲೇ. ಅವು ಇಲ್ಲವಾದರೆ ಟಯರ್ ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ನಿಮ್ಮದು ಮುಂದಿನ ಚಕ್ರ ಬೇರೆ.

ಇನ್ನು ನೀವು ಮಾಡಬೇಕಾದದ್ದು. ರೇಡಿಯಂ ಸ್ಟಿಕ್ಕರ್ ಅರ್ಧ ಗಂಟೆಯ ಕೆಲಸ. ಬ್ರೇಕಿಗೆ ಮೆಕ್ಯಾನಿಕನ್ನು ಗಾಡಿ ನಿಂತಿರುವಲ್ಲಿಗೇ ಕರೆಸಿ, ಆಗದಿದ್ದರೆ ಗಾಡಿಯನ್ನು ಬೇರೆ ವಾಹನದ ಮೇಲೆ ಹೇರಿಸಿ ಗ್ಯಾರೇಜಿಗೆ ಕಳಿಸಿ. ಒಂದೇ ಚಕ್ರದ ಲೈನರ್ ಬದಲಿಸದೆ ಹಿಂದಿನ ಎರಡೂ ಚಕ್ರಗಳದ್ದನ್ನು ಒಟ್ಟಿಗೆ ಬದಲಿಸಿ, ಇಲ್ಲವಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಬಿಡಿಭಾಗಗಳ ಬಿಲ್ಲನ್ನು ಜೋಪಾನವಾಗಿಡಿ. ಮರುತಪಾಸಣೆಯ ದಿನವನ್ನು ಈ 11 ದಿನಗಳ ಒಳಗೇ ಗೊತ್ತು ಮಾಡಿಕೊಳ್ಳಿ. 8 ವರ್ಷ ದಾಟಿದ ಗಾಡಿಗೆ ಎಫ್‌ಸಿ ಸಿಗುವುದು ಒಂದೊಂದೇ ವರ್ಷಕ್ಕೆ. ಮುಂದಿನ ವರ್ಷ ಒಂದು ತಿಂಗಳು ಮುಂಚೆಯೇ ಚಕ್ರ ಬಿಚ್ಚಿಸಿ ನೋಡಿಸಿದರೆ ಈ ತಾಪತ್ರಯ ಇರುವುದಿಲ್ಲ.

ಪ್ರಶ್ನೆ: ನಮ್ಮ ತಂದೆಯವರ ಹೆಸರಿನಲ್ಲಿರುವ ವೈಟ್ ಬೋರ್ಡ್ ಕಾರಿಗೆ ಬರುವ ತಿಂಗಳು 15 ವರ್ಷ ತುಂಬುತ್ತದೆ. ಸ್ವಂತ ಕಾರಿಗೂ ಎಫ್‌ಸಿ ಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಕಾರನ್ನು ತಪಾಸಣೆಗೆ ಒಪ್ಪಿಸಿ, ಒಂದು ಸಲಕ್ಕೆ 5 ವರ್ಷದಂತೆ ನೋಂದಣಿ ನವೀಕರಿಸಿಕೊಳ್ಳಬೇಕು. ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ 60 ದಿನಗಳ ಮುಂಚಿನಿಂದಲೇ ಸಲ್ಲಿಸಬಹುದಾದ್ದರಿಂದ ನೀವು ಈಗಲೇ ಹಾಕಬಹುದು. ತಪಾಸಣೆಯಲ್ಲಿ ಫೇಲಾಗಿ, ಅಷ್ಟರಲ್ಲಿ ನೋಂದಣಿಯ ಅವಧಿಯೂ ಮುಗಿದರೆ ಮೇಲಿನ ಓದುಗರಿಗೆ ಹೇಳಿದ ದಂಡ, ವಿಮೆಯ ಮಾತುಗಳೆಲ್ಲ ನಿಮಗೂ ಅನ್ವಯಿಸುತ್ತವೆ. ಕಾರು ತಂದೆಯವರ ಹೆಸರಿನಲ್ಲಿರುವುದರಿಂದ ನೀವು ಓಡಿಸಿದರೂ ಮಾಲೀಕರಾಗಿ ಉತ್ತರ ಕೊಡಬೇಕಾಗಿ ಬರುವುದು ಅವರೇ ಎಂಬುದನ್ನು ನೆನಪಿಡಿ.