ಮೈಸೂರಿನಲ್ಲಿ ಸಂಜೆ ಹೊತ್ತು ಫ್ರೆಂಚ್ ಮಾತು ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ಬೆಂಗಳೂರಿನಲ್ಲಿ ಫ್ರೆಂಚ್ ಎ2 (ಎ1ರಿಂದ ಸಿ2ವರೆಗಿನ ಆರು ಹಂತಗಳಲ್ಲಿ ಎರಡನೆಯದು) ಮುಗಿಸಿದ್ದೀರಿ, ಅಲ್ಲಿ ಸಿನಿಮಾ, ಸಂಗೀತ, ಹರಟೆ ಎಲ್ಲ ಸಿಗುತ್ತಿತ್ತು, ಈಗ ಕೆಲಸಕ್ಕೆ ಅಂತ ಮೈಸೂರಿಗೆ ಬಂದಿದ್ದೀರಿ, ಇಲ್ಲಿ ಕಚೇರಿ ಮುಗಿದ ಮೇಲೆ ಫ್ರೆಂಚ್ ಕಿವಿಗೆ ಬೀಳುವಂಥ ಜಾಗ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ನಾನು ಸರಸ್ವತಿಪುರಂನವಳು. ಆರು ವರ್ಷದಿಂದ ನನ್ನದೂ ಇದೇ ಹುಡುಕಾಟ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ವಾರವಾರ ಹೋಗಿ ಕೂತು ನೋಡಿ ಬರುವಂಥ ಫ್ರೆಂಚ್ ಕಾರ್ಯಕ್ರಮ ಮೈಸೂರಿನಲ್ಲಿ ಸಿಗುವುದು ಕಷ್ಟ. ಆದರೆ ಫ್ರೆಂಚ್ ಬಲ್ಲವರು ಇಲ್ಲಿ ಕಡಿಮೆ ಇಲ್ಲ. ಅಂಕ ಚೆನ್ನಾಗಿ ಬರುತ್ತದೆ ಅಂತ ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡು ಆಮೇಲೆ ಬಿಟ್ಟವರು ನಮ್ಮ ಬೀದಿಯಲ್ಲೇ ಮೂವರು ಇದ್ದಾರೆ. ಮಾನಸಗಂಗೋತ್ರಿಗೆ ಹೊರದೇಶಗಳಿಂದ ಓದಲು ಬಂದವರಿದ್ದಾರೆ. ಗೋಕುಲಂನಲ್ಲಿ ಯೋಗಕ್ಕೆ ಬರುವವರಿದ್ದಾರೆ. ಇವರು ಯಾರಿಗೂ ಒಬ್ಬರಿಗೊಬ್ಬರ ಪರಿಚಯ ಇಲ್ಲ, ಅಷ್ಟೇ. ಆದ್ದರಿಂದ ಇಲ್ಲಿ ಕಾರ್ಯಕ್ರಮ ಹುಡುಕುವುದಕ್ಕಿಂತ ನಾಲ್ಕು ಜನರನ್ನು ಹುಡುಕಿ ಒಂದು ಕಡೆ ಕೂರಿಸುವುದೇ ಸರಿಯಾದ ದಾರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಹಾಗಂತ ಬೆಂಗಳೂರನ್ನು ಪೂರ್ತಿ ಬಿಡಬೇಡಿ. ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿರುವ ಫ್ರೆಂಚ್ ಭಾಷೆ, ಸಂಸ್ಕೃತಿಯ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್ ನಿಮಗೆ ಗೊತ್ತೇ ಇರುತ್ತದೆ. ಎರಡು ದಿನಾಂಕ ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಒಂದು, ಮಾರ್ಚ್ 20. ಅದು ಫ್ರಾಂಕೊಫೊನಿ ದಿನ. 1970ರಲ್ಲಿ ಅದೇ ದಿನ ನೈಜರ್ ದೇಶದ ನಿಯಾಮೆಯಲ್ಲಿ ಫ್ರೆಂಚ್ ಮಾತಾಡುವ ದೇಶಗಳು ಸೇರಿ ಒಂದು ಸಂಸ್ಥೆ ಕಟ್ಟಿದವು. ಇನ್ನೊಂದು, ಜೂನ್ 21ರ ಸಂಗೀತದ ಹಬ್ಬ, ಫೆತ್ ದ ಲಾ ಮ್ಯೂಸಿಕ್. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ. ಕಂಟೋನ್ಮೆಂಟ್ ಸ್ಟೇಷನ್ ಅಲ್ಲಿಗೆ ಹತ್ತಿರ, ಅಲ್ಲಿ ನಿಲ್ಲುವ ರೈಲು ಸಿಕ್ಕರೆ ಆರಾಮ. ಬಸ್ಸಿನಲ್ಲಿ ಹೋದರೆ ಸ್ಯಾಟಲೈಟ್ ಬಸ್ ನಿಲ್ದಾಣದ ಹತ್ತಿರ ಇಳಿದು ಮೆಟ್ರೋ ಹಿಡಿಯಿರಿ. ವಾಪಸ್ ಬರಲು ಸ್ಯಾಟಲೈಟಿನಿಂದ ರಾತ್ರಿಯೆಲ್ಲ ಮೈಸೂರು ಬಸ್ಸು ಸಿಗುತ್ತವೆ, ಅದಕ್ಕೆ ಹೆದರಬೇಡಿ.

ಆದರೆ ನನ್ನ ಅನುಭವ ಹೇಳುತ್ತೇನೆ. ಒಂದು ವರ್ಷ ಪೂರ್ತಿ ಹೀಗೇ ಓಡಾಡಿದೆ. ಹೋಗುವುದಕ್ಕೆ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ, ನಡುವೆ ಕತ್ತಲಲ್ಲಿ ಕೂತು ಎರಡು ಗಂಟೆ ಸಿನಿಮಾ. ಸಿನಿಮಾ ಮುಗಿದ ಮೇಲೆ ಜನ ನಿಂತು ಮಾತಾಡುತ್ತಾರಲ್ಲ, ನಿಜವಾಗಿ ನಮಗೆ ಬೇಕಾದದ್ದು ಅದು. ಅಷ್ಟು ಹೊತ್ತಿಗೆ ನಾನು ಬಸ್ಸಿಗೆ ಓಡುತ್ತಿದ್ದೆ. ವರ್ಷದ ಕೊನೆಗೆ ಕಿವಿ ಚೆನ್ನಾಗಿ ಪಳಗಿತ್ತು, ಬಾಯಿ ಇದ್ದಲ್ಲೇ ಇತ್ತು.

ಆಮೇಲೆ ಶುರುವಾದದ್ದು ನಮ್ಮ ಶನಿವಾರದ ಕಟ್ಟೆ. ಮೊದಲ ವಾರ ನಾನು, ನನ್ನ ಚಿಕ್ಕಪ್ಪನ ಮಗಳು, ಬ್ಯಾಂಕಿನಿಂದ ನಿವೃತ್ತರಾದ ಪಕ್ಕದ ಮನೆಯವರು, ಒಟ್ಟು ಮೂರೇ ಜನ. ನಮ್ಮ ಮನೆ ಮಹಡಿಯ ಮೇಲೆ ಸಂಜೆ ಆರರಿಂದ ಎಂಟರವರೆಗೆ. ಮೈಸೂರು ಬೇಗ ಮಲಗುವ ಊರು, ಒಂಬತ್ತೂವರೆಗೆಲ್ಲ ಬೀದಿ ಖಾಲಿ, ಆದ್ದರಿಂದ ಬೇಗ ಶುರು ಮಾಡಿ ಬೇಗ ಮುಗಿಸುವುದೇ ಒಳ್ಳೆಯದು. ಈಗ ಸಾಮಾನ್ಯವಾಗಿ ಎಂಟೊಂಬತ್ತು ಜನ ಇರುತ್ತೇವೆ. ಅದಕ್ಕಿಂತ ಜಾಸ್ತಿ ಆದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ.

ಮೊದಲ ಎರಡು ತಿಂಗಳು ಸರಿ ಹೋಗಲಿಲ್ಲ. ಯಾರಾದರೂ ಒಂದು ವಾಕ್ಯ ಶುರು ಮಾಡಿದರೆ ಇನ್ನೊಬ್ಬರು ಅರ್ಧಕ್ಕೇ ತಡೆದು, ಅದು ಪುಲ್ಲಿಂಗ ಅಲ್ಲ ಸ್ತ್ರೀಲಿಂಗ ಅಂತ ತಿದ್ದುತ್ತಿದ್ದರು. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಅನ್ನುವುದು ಕನ್ನಡದವರ ತಲೆಗೆ ಸುಲಭವಾಗಿ ಹೋಗುವುದಿಲ್ಲ, ನಮಗೆ ಎರಡೂ 'ಅದು'. ಇಬ್ಬರು ಬರುವುದನ್ನೇ ನಿಲ್ಲಿಸಿದರು. ಆಗ ಒಂದು ನಿಯಮ ಮಾಡಿದೆವು. ಮುಕ್ಕಾಲು ಗಂಟೆ ಫ್ರೆಂಚ್ ಮಾತ್ರ, ಯಾರೂ ಯಾರನ್ನೂ ತಿದ್ದುವ ಹಾಗಿಲ್ಲ, ತಪ್ಪು ಕಂಡರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಕಾಫಿ ಬಂದ ಮೇಲೆ ಆ ಚೀಟಿಗಳನ್ನು ಕನ್ನಡದಲ್ಲಿ ಆರಾಮಾಗಿ ಬಿಡಿಸಿ ಮಾತಾಡುವುದು. ನೀವು ಒಂದು ಗುಂಪು ಶುರು ಮಾಡಿದರೆ ಇದೊಂದು ನಿಯಮವನ್ನು ಮೊದಲ ದಿನವೇ ಇಟ್ಟುಬಿಡಿ.

'ತು' ಮತ್ತು 'ವು' ಬಗ್ಗೆ ಒಂದು ದಿನ ಚೆನ್ನಾಗಿ ಮಾತಾಯಿತು. ನಮ್ಮ ನೀನು, ನೀವು ಇದ್ದ ಹಾಗೆಯೇ ಅದು, ಇಂಗ್ಲಿಷಿನಿಂದ ಫ್ರೆಂಚ್‌ಗೆ ಹೋಗುವವರಿಗೆ ಕಷ್ಟ, ನಮಗೆ ಸಹಜ. ಆವತ್ತು ಬಂದಿದ್ದ ಲಿಯೋನ್ ನಗರದ ಒಬ್ಬ ಅತಿಥಿ, ಇಂಥ ಕೂಟದಲ್ಲಿ ಎಲ್ಲರೂ ಎಲ್ಲರಿಗೂ 'ತು' ಅನ್ನಬಹುದು ಅಂದರು. ಪಿಯುಸಿ ಓದುವ ಹುಡುಗಿ ತಲೆಯಾಡಿಸಿದಳು. ಆದರೆ ಬ್ಯಾಂಕಿನ ಅಂಕಲ್ ಕಡೆ ತಿರುಗಿದ ಕೂಡಲೇ ಅವಳ ಬಾಯಲ್ಲಿ 'ವು' ಅಂತಲೇ ಬಂತು. ಇವತ್ತಿಗೂ ಹಾಗೇ ಅನ್ನುತ್ತಾಳೆ. ನನಗೆ ಅದು ಬಹಳ ಇಷ್ಟ.

ಸಿನಿಮಾ ನೋಡುವುದಾದರೆ ಇಡೀ ಸಿನಿಮಾ ಹಾಕಬೇಡಿ. ಇಪ್ಪತ್ತು ನಿಮಿಷದ ತುಂಡು ಸಾಕು. ಕೆಳಗೆ ಬರುವ ಸಾಲುಗಳೂ ಫ್ರೆಂಚ್‌ನಲ್ಲೇ ಇರಲಿ. ಇಂಗ್ಲಿಷ್ ಸಾಲು ಬಂದರೆ ಕಣ್ಣು ಅದನ್ನು ಓದುತ್ತದೆ, ಕಿವಿ ಸುಮ್ನೆ ಕೂತುಬಿಡುತ್ತದೆ. ಒಮ್ಮೆ ಸಾಲುಗಳ ಜೊತೆ, ಇನ್ನೊಮ್ಮೆ ಸಾಲುಗಳಿಲ್ಲದೆ ನೋಡಿ. ಮನೆಯಲ್ಲಿ ಒಬ್ಬರೇ ಇದ್ದಾಗ ಆರ್‌ಎಫ್‌ಐ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಕೇಳಿ. ಹತ್ತು ನಿಮಿಷ ಇರುತ್ತದೆ, ಪಠ್ಯವೂ ಸಿಗುತ್ತದೆ. ಟಿವಿ5 ಮಾಂದ್‌ನ ಕಲಿಕೆಯ ಪಾಠಗಳೂ ಉಚಿತ, ಎ1ರಿಂದ ಬಿ2ವರೆಗೆ ಇವೆ.

ಹೊರಗೆ ಹೋಗಬೇಕು ಅನ್ನಿಸಿದಾಗ ನಾವು ಮೊದಲು ಹೋಗುವುದು ದೇವರಾಜ ಮಾರುಕಟ್ಟೆಗೆ. ಒಬ್ಬೊಬ್ಬರೂ ನೂರು ರೂಪಾಯಿಯೊಳಗೆ ಒಂದು ವಸ್ತು ತರಬೇಕು. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಏನಾದರೂ ಸರಿ. ಆಮೇಲೆ ಹೊರಗೆ ನಿಂತು ಅದನ್ನು ಯಾಕೆ ಕೊಂಡೆ, ಎಷ್ಟು ಕೊಟ್ಟೆ ಅಂತ ಫ್ರೆಂಚ್‌ನಲ್ಲಿ ಹೇಳಬೇಕು. ಬೆಲೆ ಎಪ್ಪತ್ತು ದಾಟಿತೋ, ಅಲ್ಲಿ ನಿಜವಾದ ಅಭ್ಯಾಸ. ಎಪ್ಪತ್ತಕ್ಕೆ ಫ್ರಾನ್ಸಿನವರು ಅರವತ್ತು-ಹತ್ತು ಅನ್ನುತ್ತಾರೆ, ಎಂಬತ್ತಕ್ಕೆ ನಾಲ್ಕು-ಇಪ್ಪತ್ತು, ತೊಂಬತ್ತೊಂಬತ್ತಕ್ಕೆ ನಾಲ್ಕು-ಇಪ್ಪತ್ತು-ಹತ್ತು-ಒಂಬತ್ತು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಎಪ್ಪತ್ತು, ತೊಂಬತ್ತಕ್ಕೆ ಸೆಪ್ತಾಂತ್, ನೊನಾಂತ್ ಅಂತ ನೇರವಾಗಿ ಹೇಳುತ್ತಾರೆ. ತರಗತಿಯಲ್ಲಿ ಎಷ್ಟು ಸಲ ಬರೆದರೂ ನನಗೆ ನಿಲ್ಲದ ಈ ಲೆಕ್ಕ ರಸಬಾಳೆ ಕೊಂಡ ಮೇಲೆ ನಿಂತಿತು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶ್ರೀರಂಗಪಟ್ಟಣ. ಫ್ರೆಂಚ್ ಸಂಸ್ಕೃತಿ ಅಂದರೆ ಪ್ಯಾರಿಸ್, ಇಲ್ಲವಾದರೆ ಪುದುಚೇರಿ ಅಂದುಕೊಳ್ಳುತ್ತೇವೆ ಅಲ್ವಾ? ಬೆಂಗಳೂರು ರೈಲಿನಲ್ಲಿ ಶ್ರೀರಂಗಪಟ್ಟಣ ದಾಟಿದ ಮೇಲೆ ಪಾಂಡವಪುರ ಬರುತ್ತದಲ್ಲ, ಆ ಊರನ್ನು ಹಿಂದೆ ಫ್ರೆಂಚ್ ರಾಕ್ಸ್ ಅಂತಲೇ ಕರೆಯುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ಬೀಡುಬಿಟ್ಟಿದ್ದರು. ಅದಕ್ಕೂ ಮುಂಚೆ ಅದು ಹಿರೋಡೆ. ನಾನು ಒಂದು ವರ್ಷ ಪೂರ್ತಿ ಆ ಸ್ಟೇಷನ್ ದಾಟಿಕೊಂಡು ಫ್ರೆಂಚ್ ಹುಡುಕಲು ಬೆಂಗಳೂರಿಗೆ ಹೋಗುತ್ತಿದ್ದೆ.

ವರ್ಷಕ್ಕೆ ಎರಡು ಸಲ ನಾವು ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಹೋಗುತ್ತೇವೆ. ಮೊದಲು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. 1784ರಲ್ಲಿ ಕಟ್ಟಿದ್ದು. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರ ಇದೆ. ಬ್ರಿಟಿಷರ ಕಡೆಯ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಟಿಪ್ಪು ಕಡೆಯ ಫ್ರೆಂಚ್ ಸೈನಿಕರೂ ಅದರಲ್ಲಿದ್ದಾರೆ. ಒಬ್ಬರು ಚಿತ್ರಕ್ಕೆ ಬೆನ್ನು ಮಾಡಿ ನಿಲ್ಲಬೇಕು, ಇನ್ನೊಬ್ಬರು ಎಡಗಡೆ ಏನಿದೆ, ಬಲಗಡೆ ಏನಿದೆ, ಯಾರು ಓಡುತ್ತಿದ್ದಾರೆ, ಯಾರು ಬಿದ್ದಿದ್ದಾರೆ ಅಂತ ಅವರಿಗೆ ಫ್ರೆಂಚ್‌ನಲ್ಲಿ ಹೇಳಬೇಕು. ಎ2 ಮಟ್ಟಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ, ಯಾಕೆಂದರೆ ವರ್ತಮಾನ ಕಾಲ ಒಂದೇ ಸಾಕು, ಹೇಳುವುದಕ್ಕೆ ಬೇಕಾದಷ್ಟು ಕಣ್ಣೆದುರಿಗೇ ಇದೆ. ಬೇರೆಯವರೂ ನೋಡಲು ಬಂದಿರುತ್ತಾರೆ, ದನಿ ಮಾತ್ರ ಸಣ್ಣದಿರಲಿ.

ಅಲ್ಲಿಂದ ಕೋಟೆಯೊಳಗೆ. 1797ರಲ್ಲಿ ಇಲ್ಲಿದ್ದ ಫ್ರೆಂಚ್‌ನವರು ರಿಪೋ ಅನ್ನುವ ನಾವಿಕನ ಜೊತೆ ಸೇರಿ ಫ್ರೆಂಚ್ ಕ್ರಾಂತಿಯ ಹೆಸರಿನಲ್ಲಿ ಜಾಕೊಬಿನ್ ಕ್ಲಬ್ ಮಾಡಿ, ಸ್ವಾತಂತ್ರ್ಯದ ಮರ ಅಂತ ನೆಟ್ಟರು ಅನ್ನುವ ದಾಖಲೆ ಇದೆ. ಅದು ಎಷ್ಟು ನಿಜ, ಬ್ರಿಟಿಷರು ಎಷ್ಟು ಸೇರಿಸಿದರು ಅಂತ ಇತಿಹಾಸಕಾರರಲ್ಲಿ ವಾದವೂ ಇದೆ. ಆ ವಾದವನ್ನೇ ನಾವು ಒಂದು ಸಂಜೆ ಎರಡು ಗುಂಪಾಗಿ ಫ್ರೆಂಚ್‌ನಲ್ಲಿ ಮಾಡಿದೆವು. ಬಿ1 ಇದ್ದವರಿಗೂ ಬೆವರು ಬಂತು.

ಕೊನೆಗೆ ಗಂಜಾಂನ ಅಬ್ಬೆ ದುಬುವಾ ಚರ್ಚ್. ದುಬುವಾ ಫ್ರೆಂಚ್ ಪಾದ್ರಿ. ಟಿಪ್ಪು ಮಡಿದ 1799ರ ಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದವರು. ಇಲ್ಲಿನ ಜನರ ಹಾಗೆ ಉಟ್ಟು, ಇಲ್ಲಿನ ಊಟ ಉಂಡು ಬದುಕಿದರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲೂ ದುಡಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅನ್ನುತ್ತಿದ್ದರು. ಈ ಕಡೆಯ ಜನರ ರೀತಿ ನೀತಿಯ ಬಗ್ಗೆ ಅವರ ಹೆಸರಿನಲ್ಲಿ ಬಂದ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ, 1825ರಲ್ಲಿ ಫ್ರೆಂಚ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಬಹಳಷ್ಟು ಅವರಿಗಿಂತ ಹಿಂದಿನ ಕೂರ್ದೂ ಅನ್ನುವ ಪಾದ್ರಿಯ ಬರಹ ಅಂತ ಆಮೇಲೆ ಗೊತ್ತಾಗಿದೆ. ಫ್ರೆಂಚ್ ಪ್ರತಿ ಹಳೆಯದಾದ್ದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿ ಬರೆದದ್ದೆಲ್ಲ ಒಪ್ಪಬೇಕಿಲ್ಲ, ಕೆಲವು ಕಡೆ ಓದಿ ಸಿಟ್ಟೂ ಬರುತ್ತದೆ. ಆದರೆ ನಮ್ಮ ಮದುವೆ, ನಮ್ಮ ಊಟದ ಎಲೆ, ನಮ್ಮ ಮಡಿ ಇವನ್ನೆಲ್ಲ ಫ್ರೆಂಚ್‌ನಲ್ಲಿ ಹೇಗೆ ಹೇಳುವುದು ಅನ್ನುವುದಕ್ಕೆ ಬೇಕಾದ ಪದ ಅಲ್ಲಿ ರಾಶಿ ರಾಶಿ ಇವೆ, ಬೇರೆ ಪಠ್ಯಪುಸ್ತಕದಲ್ಲಿ ಇವು ಸಿಗುವುದಿಲ್ಲ.

ಗೋಕುಲಂನಲ್ಲಿ ಫ್ರೆಂಚ್ ಮಾತಾಡುವವರು ಸಿಗುತ್ತಾರಾ ಅಂತ ನೀವು ಬೇರೆಯಾಗಿ ಕೇಳಿದ್ದೀರಿ. ಚಳಿಗಾಲದಲ್ಲಿ ಯೋಗಕ್ಕೆ ಬರುವವರಲ್ಲಿ ಫ್ರೆಂಚ್ ಮಾತಾಡುವವರು ಸಿಗುತ್ತಾರೆ. ಇದೂ ಹಳೆಯ ನಂಟು. ಬ್ರಸೆಲ್ಸ್‌ನ ಆಂದ್ರೆ ವಾನ್ ಲಿಸೆಬೆತ್ 1964ರಲ್ಲಿ ಮೈಸೂರಿನ ಯೋಗ ಗುರು ಪಟ್ಟಾಭಿ ಜೋಯಿಸರ ಹತ್ತಿರ ಕಲಿತು ಹೋಗಿ, ಫ್ರೆಂಚ್‌ನಲ್ಲಿ ಬರೆದ ಪುಸ್ತಕದಲ್ಲಿ ಅವರ ಬಗ್ಗೆ ಹೇಳಿದ್ದರು. ಆಮೇಲೆ ಪರದೇಶದವರು ಬರತೊಡಗಿದ್ದರಲ್ಲಿ ಆ ಪುಸ್ತಕದ ಪಾತ್ರ ಇದೆ. ಆದರೆ ಕಫೆಯಲ್ಲಿ ಕೂತವರ ಹತ್ತಿರ ಹೋಗಿ ನನ್ನ ಜೊತೆ ಫ್ರೆಂಚ್ ಅಭ್ಯಾಸ ಮಾಡಿ ಅನ್ನಬೇಡಿ. ಅವರು ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿ ದಣಿದಿರುತ್ತಾರೆ. ನಾವು ಏನಾದರೂ ಕೊಡಬೇಕು. ನಾನು ರಂಗಾಯಣದಲ್ಲಿ ನಾಟಕ ಇದ್ದಾಗ ಪರಿಚಯವಾದ ಒಬ್ಬಿಬ್ಬರನ್ನು ಕರೆಯುತ್ತೇನೆ. ಶುರುವಾಗುವ ಮುಂಚೆ ಹೊರಗೆ ನಿಂತು ಹತ್ತು ನಿಮಿಷ ನಾಟಕದ ಕಥೆಯನ್ನು ಫ್ರೆಂಚ್‌ನಲ್ಲಿ ಹೇಳುತ್ತೇನೆ. ಅದಕ್ಕೆ ಮನೆಯಲ್ಲಿ ಎರಡು ದಿನ ತಯಾರಿ ಬೇಕಾಗುತ್ತದೆ. ನಾಟಕ ಮುಗಿದ ಮೇಲೆ ಪ್ರಶ್ನೆ ಕೇಳುವವರು ಅವರೇ, ಆಗ ಮಾತು ತಾನಾಗಿ ಬರುತ್ತದೆ.

ಫ್ರೆಂಚ್ ಅಂದರೆ ಫ್ರಾನ್ಸ್ ಒಂದೇ ಅಂತಲೂ ಅಂದುಕೊಳ್ಳಬೇಡಿ. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಐವರಿ ಕೋಸ್ಟಿನ ಒಬ್ಬ ಹುಡುಗ ಎರಡು ವರ್ಷ ನಮ್ಮ ಕಟ್ಟೆಗೆ ಬರುತ್ತಿದ್ದ. ಮೊದಲ ದಿನ ಉಪ್ಪಿಟ್ಟು ಕೊಟ್ಟಾಗ ತಟ್ಟೆಯನ್ನೇ ನೋಡುತ್ತಾ ಕೂತ. ಆಮೇಲೆ ಹೇಳಿದ, ಅವರ ಊರಿನಲ್ಲಿ ಅತ್ತಿಯೆಕೆ ಅಂತ ಮಾಡುತ್ತಾರೆ, ಮರಗೆಣಸು ತುರಿದು ಹುಳಿ ಬರಿಸಿ ಹಬೆಯಲ್ಲಿ ಬೇಯಿಸಿದ್ದು, ನೋಡಲು ಥೇಟ್ ಹೀಗೇ ಇರುತ್ತದೆ, ಮೀನಿನ ಜೊತೆ ತಿನ್ನುತ್ತೇವೆ ಅಂತ. ಅವತ್ತು ಎಂಟು ಗಂಟೆಗೆ ಯಾರೂ ಏಳಲಿಲ್ಲ.

ಇನ್ನು ಜೂನ್ 21ರ ವಿಷಯ. ಈ ಸಂಗೀತದ ಹಬ್ಬ ಫ್ರಾನ್ಸಿನಲ್ಲಿ 1982ರಲ್ಲಿ ಶುರುವಾದದ್ದು, ಜಾಕ್ ಲಾಂಗ್ ಸಂಸ್ಕೃತಿ ಸಚಿವರಾಗಿದ್ದಾಗ. ನುರಿತವರು, ಹವ್ಯಾಸಿಗಳು ಯಾರು ಬೇಕಾದರೂ ಬೀದಿಯಲ್ಲಿ ನಿಂತು ಹಾಡಬಹುದು, ನುಡಿಸಬಹುದು, ಕೇಳುವವರಿಗೆ ಟಿಕೆಟ್ ಇಲ್ಲ. ಅದೇ ದಿನ ಯೋಗ ದಿನವೂ ಹೌದು, ಬೆಳಿಗ್ಗೆ ಮೈಸೂರಿಗೆ ಮೈಸೂರೇ ಚಾಪೆ ಹಿಡಿದು ಹೊರಟಿರುತ್ತದೆ. ಸಂಜೆ ಅದೇ ಚಾಪೆಗಳನ್ನು ನಮ್ಮ ಮಹಡಿಯ ಮೇಲೆ ಹಾಸುತ್ತೇವೆ. ಯಾರೋ ವೀಣೆ ತರುತ್ತಾರೆ, ಯಾರೋ ಗಿಟಾರ್, ಅಂಕಲ್ ಭಾವಗೀತೆ ಹಾಡುತ್ತಾರೆ. ಹಾಡುವ ಮುಂಚೆ ಅದರ ಅರ್ಥವನ್ನು ಎರಡು ನಿಮಿಷ ಫ್ರೆಂಚ್‌ನಲ್ಲಿ ಹೇಳಬೇಕು, ಷರತ್ತು ಅಷ್ಟೇ. ನೀವೂ ಬರುವುದಾದರೆ ಈ ಉತ್ತರದ ಕೆಳಗೆ ತಿಳಿಸಿ. ಮಳೆಗಾಲ, ಆರು ಗಂಟೆಗೆ ಹನಿ ಬಿದ್ದರೆ ಎಲ್ಲರೂ ಕೆಳಗಿನ ಹಜಾರಕ್ಕೆ ಇಳಿಯುತ್ತೇವೆ.