ಹಳೆಯ ಮಿಯಾಟಾದ ಅಡಿಯಲ್ಲಿ ಎಣ್ಣೆ: ಸೋರುತ್ತಿರುವುದು ಯಾವ ಸೀಲು?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ನೆಲೆಸಿದ್ದೇನೆ. ನನ್ನಲ್ಲಿ 1992ರ ಮಾಜ್ದಾ ಮಿಯಾಟಾ ಕಾರು ಇದೆ, 1.6 ಲೀಟರ್ ಎಂಜಿನ್, ಐದು ಗೇರು. ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಜಾಗದಿಂದ ಬೆಳಗಾಗುವಷ್ಟರಲ್ಲಿ ಏಳೆಂಟು ತೊಟ್ಟು ಎಣ್ಣೆ ಬಿದ್ದಿರುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಮುಂಭಾಗವೂ ಜಿಡ್ಡಾಗಿದೆ. ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡದ) ಹಿಂದಿನ ಸೀಲು, ಅಂದರೆ ಎಣ್ಣೆ ತಡೆಯುವ ಬಳೆ, ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಎಂದು ಇಲ್ಲಿನ ಒಂದು ಗ್ಯಾರೇಜಿನವರು ಹೇಳಿದ್ದಾರೆ. ಈ ಸೀಲುಗಳನ್ನು ಮನೆಯಲ್ಲೇ ನಾನು ಬದಲಿಸಬಹುದೇ?

ಉತ್ತರ: ಬದಲಿಸಬಹುದು. ಆದರೆ ಸೋರುತ್ತಿರುವುದು ಯಾವ ಎಣ್ಣೆ, ಅದು ಎಲ್ಲಿಂದ ಹೊರಟಿದೆ ಎಂಬುದು ಖಚಿತವಾಗುವವರೆಗೆ ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ನಿಮ್ಮ ಗಾಡಿಯ ಮಟ್ಟಿಗೆ ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಎಂಜಿನ್ನಿನ ಸಿಲಿಂಡರ್ ಹೆಡ್ಡಿನ ಹಿಂಬದಿಯಲ್ಲಿ, ಕ್ಯಾಬಿನ್ನಿನ ಗೋಡೆಗೆ ಹತ್ತಿರವಾಗಿ, ಕ್ಯಾಮ್‌ಶಾಫ್ಟ್ ಎಷ್ಟು ತಿರುಗಿದೆ ಎಂದು ತಿಳಿಸುವ ಕ್ಯಾಮ್ ಆ್ಯಂಗಲ್ ಸೆನ್ಸರ್ ಕೂತಿರುತ್ತದೆ. ಅದರ ರಬ್ಬರಿನ ಓ-ರಿಂಗ್ ವರ್ಷಗಳ ಬಿಸಿಗೆ ಗಟ್ಟಿಯಾಗಿ ಪ್ಲಾಸ್ಟಿಕ್ಕಿನಂತಾದಾಗ, ಎಣ್ಣೆ ಎಂಜಿನ್ನಿನ ಬೆನ್ನಿನ ಮೇಲೆ ಹರಿದು ಬಂದು, ಕ್ರ್ಯಾಂಕ್ ಸೀಲು ಸೋರಿದಾಗ ಬೀಳುವ ಜಾಗದಲ್ಲೇ ಬೀಳುತ್ತದೆ. ಟ್ಯಾಪೆಟ್ ಕವರಿನ (ಹೆಡ್ಡಿನ ಮೇಲಿನ ಮುಚ್ಚಳದ) ಗ್ಯಾಸ್ಕೆಟ್ ಹಿಂದಿನ ಮೂಲೆಯಲ್ಲಿ ಸೋರಿದರೂ ಹೀಗೆಯೇ ಆಗುತ್ತದೆ. ಕೆಳಗಿನಿಂದ ಮಾತ್ರ ನೋಡಿದವರಿಗೆ ಮೂರೂ ಒಂದೇ ರೀತಿ ಕಾಣುತ್ತವೆ. ಅಗ್ಗದ ಒಂದು ಓ-ರಿಂಗ್‌ಗಾಗಿ ಗೇರ್‌ಬಾಕ್ಸ್ ಇಳಿಸಿದ ಮಿಯಾಟಾಗಳು ಕಡಿಮೆಯೇನಲ್ಲ.

ಮೊದಲು ಬೆರಳ ತುದಿಗೆ ಒಂದು ತೊಟ್ಟನ್ನು ತೆಗೆದುಕೊಂಡು ಮೂಸಿ ನೋಡಿ. ಗೇರ್ ಆಯಿಲಿಗೆ ಗಂಧಕದ ಕಟು ವಾಸನೆ ಇರುತ್ತದೆ, ತೊಳೆದ ಮೇಲೂ ಅದು ಬೆರಳನ್ನು ಬಿಡುವುದಿಲ್ಲ. ಎಂಜಿನ್ ಆಯಿಲಿಗೆ ಆ ವಾಸನೆ ಇಲ್ಲ. ಗೇರ್ ಆಯಿಲೇ ಆಗಿದ್ದರೆ ತಪ್ಪು ಗೇರ್‌ಬಾಕ್ಸಿನ ಮುಂದಿನ ಸೀಲಿನದು, ಅದಕ್ಕೆ ಗೇರ್‌ಬಾಕ್ಸ್ ಇಳಿಯಲೇಬೇಕು. ಎಂಜಿನ್ ಆಯಿಲಾಗಿದ್ದರೆ ಡಿಗ್ರೀಸರ್ ಹಾಕಿ ಎಂಜಿನ್ನಿನ ಹಿಂಬದಿಯನ್ನೂ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗನ್ನೂ ಚೆನ್ನಾಗಿ ತೊಳೆದು ಒರೆಸಿ, ನೂರು ಮೈಲಿಯಷ್ಟು ಓಡಿಸಿ, ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಒದ್ದೆಯ ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲಿಯೇ ಸೋರಿಕೆ ಇದೆ. ಸೆನ್ಸರನ್ನು ತೆಗೆಯುವ ಮುನ್ನ ಅದಕ್ಕೂ ಹೆಡ್ಡಿಗೂ ಸೇರುವಂತೆ ಒಂದು ಗೀರು ಎಳೆಯಿರಿ, ಏಕೆಂದರೆ ಅದು ಕೊಂಚ ತಿರುಗಿದರೂ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಕ್ಷಣ) ಬದಲಾಗುತ್ತದೆ. ಜೋಡಿಸಿದ ಬಳಿಕ ಡಯಾಗ್ನಾಸ್ಟಿಕ್ ಪೆಟ್ಟಿಗೆಯ ಟಿಇಎನ್ ಮತ್ತು ಜಿಎನ್‌ಡಿ ತುದಿಗಳನ್ನು ತಂತಿಯಿಂದ ಸೇರಿಸಿ, ಟೈಮಿಂಗ್ ಲೈಟಿನಲ್ಲಿ 10 ಡಿಗ್ರಿ ಇದೆಯೇ ಎಂದು ನೋಡಿಕೊಳ್ಳಿ.

ಮೇಲೆಲ್ಲ ಒಣಗಿದ್ದು ಬೆಲ್ ಹೌಸಿಂಗ್ ಒಳಗಿನಿಂದಲೇ ಎಂಜಿನ್ ಆಯಿಲ್ ಬರುತ್ತಿದ್ದರೆ ಗ್ಯಾರೇಜಿನವರ ಮಾತು ಸರಿ. ಆಗಲೂ ಮೊದಲು ಎಂಜಿನ್ನಿನ ಒಳಗೆ ಸೇರುವ ಅನಿಲಕ್ಕೆ ದಾರಿ ಬಿಡುವ ಪಿಸಿವಿ ವಾಲ್ವ್ ಪರೀಕ್ಷಿಸಿ. ಅದು ಕಟ್ಟಿಕೊಂಡಿದ್ದರೆ ಕ್ರ್ಯಾಂಕ್ ಕೇಸಿನ ಒತ್ತಡ ಹೊಸ ಸೀಲಿನ ಮೂಲಕವೂ ಎಣ್ಣೆಯನ್ನು ಹೊರದೂಡುತ್ತದೆ. ಡಿಫರೆನ್ಷಿಯಲ್‌ನ ಬ್ರೀದರಿಗೂ (ಒಳಗಿನ ಒತ್ತಡ ಹೊರಹೋಗುವ ಕಿಂಡಿಗೂ) ಇದೇ ಮಾತು ಸಲ್ಲುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಿಮ್ಮ ಊರಿನಲ್ಲಿ ಅದು ತುಕ್ಕು, ಕೆಸರಿನಿಂದ ಮುಚ್ಚಿಹೋಗಿದ್ದರೆ ಆಶ್ಚರ್ಯವಿಲ್ಲ. ಸೀಲು ಹಾಕಿಸಿದ ತಿಂಗಳಲ್ಲೇ ಮತ್ತೆ ಸೋರಿತೆಂದು ಬಂದ ಗಾಡಿಯೊಂದರಲ್ಲಿ ನಾನು ಮಾಡಿದ್ದು ಬ್ರೀದರ್ ಬಿಡಿಸಿ ತೊಳೆದದ್ದು ಮಾತ್ರ.

ಗೇರ್‌ಬಾಕ್ಸ್ ಇಳಿಸುವಾಗ ಈ ಗಾಡಿಯ ರಚನೆಯನ್ನು ನೆನಪಿಡಬೇಕು. ಇದರಲ್ಲಿ ಗೇರ್‌ಬಾಕ್ಸಿಗೆ ಪ್ರತ್ಯೇಕ ಕ್ರಾಸ್ ಮೆಂಬರ್ (ಅಡಿಯಿಂದ ಹೊರುವ ಅಡ್ಡಪಟ್ಟಿ) ಇಲ್ಲ. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಚಾಚಿರುವ ಅಲ್ಯೂಮಿನಿಯಂ ಪವರ್ ಪ್ಲಾಂಟ್ ಫ್ರೇಮೇ ಅದರ ಬಾಲವನ್ನು ಹಿಡಿದಿದೆ. ಜಾಕ್ ಆಸರೆ ಕೊಡದೆ ಅದನ್ನು ಬಿಚ್ಚಿದರೆ ಗೇರ್‌ಬಾಕ್ಸ್ ಕೆಳಗೆ ಜೋತು, ಎಂಜಿನ್ ಹಿಂದಕ್ಕೆ ವಾಲಿ, ಆ ಕ್ಯಾಮ್ ಆ್ಯಂಗಲ್ ಸೆನ್ಸರೇ ಕ್ಯಾಬಿನ್ನಿನ ಗೋಡೆಗೆ ತಾಗುವ ಅಪಾಯವಿದೆ. ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಇಡದೆ ಗಾಡಿಯ ಕೆಳಗೆ ಹೋಗಲೇಬೇಡಿ. ಇಷ್ಟು ಬಿಚ್ಚಿದ ಮೇಲೆ ಕ್ರ್ಯಾಂಕ್ ಸೀಲೊಂದನ್ನೇ ಹಾಕಿ ಮುಚ್ಚುವುದು ಸರಿಯಲ್ಲ. ಗೇರ್‌ಬಾಕ್ಸಿನ ಮುಂದಿನ ಮತ್ತು ಹಿಂದಿನ ಸೀಲು, ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಎಲ್ಲವನ್ನೂ ಒಟ್ಟಿಗೇ ಬದಲಿಸಿ.

ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟುವಾಗ ಶಾಫ್ಟಿಗೆ ಗೀರು ಬೀಳದಂತೆ ಎಚ್ಚರವಹಿಸಿ, ಕೂದಲೆಳೆಯಷ್ಟು ಗೀರಿದ್ದರೂ ಎಣ್ಣೆಗೆ ದಾರಿಯಾಗುತ್ತದೆ. ಸೀಲು ಹೊರಬಂದ ಮೇಲೆ ಅದರ ತುಟಿ ಉಜ್ಜುತ್ತಿದ್ದ ಜಾಗದಲ್ಲಿ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಕಾಲುವೆ ಬಿದ್ದಿದ್ದರೆ, ತೆಳುವಾದ ಸ್ಟೀಲ್ ಸ್ಲೀವ್ ಏರಿಸಿ, ಇಲ್ಲವೇ ಹೊಸ ಸೀಲಿನ ತುಟಿ ಸವೆಯದ ಜಾಗದಲ್ಲಿ ಕೂರುವಂತೆ ಆಳವನ್ನು ತುಸು ಬದಲಿಸಿ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು. ತುಟಿಗೆ ಎಣ್ಣೆ ಸವರಿ, ಸೀಲಿನ ಅಂಚಿನಷ್ಟೇ ಅಗಲದ ಪೈಪಿನ ತುಂಡಿಟ್ಟು, ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ ಕೂರಿಸಿ.

ಡಿಫರೆನ್ಷಿಯಲ್‌ನ ಮುಂಭಾಗದಲ್ಲಿರುವ ಪಿನಿಯನ್ (ಒಳಗೆ ಶಕ್ತಿ ತರುವ ಗೇರು) ಸೀಲನ್ನು ಮಾತ್ರ ನೀವು ಮಾಡದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿನ ನಟ್ಟು ಒಳಗಿರುವ ಕುಗ್ಗುವ ಸ್ಪೇಸರನ್ನು ಒತ್ತಿ ಬೇರಿಂಗಿನ ಬಿಗಿತವನ್ನು ನಿರ್ಧರಿಸುತ್ತದೆ. ಹೆಚ್ಚು ಬಿಗಿದರೆ ಬೇರಿಂಗ್ ಸುಡುತ್ತದೆ, ಕಡಿಮೆಯಾದರೆ ಗೇರು ಊಳಿಡುತ್ತದೆ. ಬಿಚ್ಚುವ ಮುನ್ನ ಪಿನಿಯನ್ ತಿರುಗಲು ಬೇಕಾದ ಬಲವನ್ನು ಸಣ್ಣ ಟಾರ್ಕ್ ಮಾಪಕದಿಂದ ಅಳೆದು ಬರೆದಿಟ್ಟುಕೊಳ್ಳುವ ಮೆಕ್ಯಾನಿಕ್ಕಿಗೆ ಆ ಕೆಲಸ ಕೊಡಿ. ಬ್ರೀದರ್ ತೊಳೆದ ಮೇಲೆ ಜಿಡ್ಡು ಹೆಚ್ಚದಿದ್ದರೆ ಅದಕ್ಕೆ ಅವಸರವೂ ಇಲ್ಲ.

ಎಣ್ಣೆ ಇಳಿಸುವಾಗ, ಗೇರ್‌ಬಾಕ್ಸೇ ಇರಲಿ ಡಿಫರೆನ್ಷಿಯಲ್ಲೇ ಇರಲಿ, ತುಂಬಿಸುವ ಪ್ಲಗ್ಗನ್ನು ಮೊದಲು ಸಡಿಲಿಸಿ ನೋಡಿ. ತುಕ್ಕು ಹಿಡಿದ ಪ್ಲಗ್ಗು ಬಾರದೆ, ಅಷ್ಟರಲ್ಲಿ ಕೆಳಗಿನದನ್ನು ತೆಗೆದು ಖಾಲಿ ಮಾಡಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಗೇರ್‌ಬಾಕ್ಸಿಗೆ 75ಡಬ್ಲ್ಯು-90 ಗೇರ್ ಆಯಿಲ್ ಸುಮಾರು 2 ಲೀಟರ್ ಹಿಡಿಯುತ್ತದೆ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯದನ್ನು, ಗಾಡಿ ಸಮತಟ್ಟಾಗಿ ನಿಂತಿರುವಾಗ, ತುಂಬಿಸುವ ತೂತಿನಿಂದ ಮರಳಿ ತೊಟ್ಟಿಕ್ಕುವವರೆಗೆ ಹಾಕಿ.